ಪಾಸ್ಟರರ ಗುರುವಾರ

ಸನ್ಮಾನ ಪತ್ರದ ಮೂರನೆಯ ವಾಕ್ಯಕ್ಕೆ ಬಂದು ಸರ್ವೋತ್ತಮ ನಿಂತುಬಿಟ್ಟಿದ್ದ. ‘ತಮ್ಮ ನಿಷ್ಕಳಂಕ ನಡತೆಯಿಂದ’ ಎಂದು ಬರೆದು, ‘ನಿಷ್ಕಳಂಕ’ವನ್ನು ಹೊಡೆದುಹಾಕಿ, ಅದರ ಮೇಲೆ ‘ಸರಳ’ ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಅದನ್ನೂ ಹೊಡೆದಿದ್ದ. ಹೊಡೆದ ಎರಡು ಶಬ್ದಗಳು ಒಂದರ ಮೇಲೊಂದು ಕೂತು ಕಾಗದದ ಮೇಲೆ ಕಪ್ಪು ಕಲೆಯಾಗಿದ್ದವು. ಡೊಂಬಿವಲಿಯ ಆ ಎರಡನೆಯ ಮಹಡಿಯ ಮನೆಯಲ್ಲಿ ಎಂಟೂವರೆಯ ಬಿಸಿಲು ಅಡಿಗೆಮನೆಯ ತನಕ ಬರುತ್ತದೆ. ಹೆಂಡತಿ ಪುಷ್ಪಾವತಿ ಇದ್ದಾಗ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು ತರಕಾರಿ ಹೆಚ್ಚುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಬರುವ ಭಾನುವಾರ ಕಲ್ಯಾಣದ ಕನ್ನಡ ಕ್ರೈಸ್ತ ಸಭೆಯಲ್ಲಿ ಪಾಸ್ಟರ್ ಚಂದ್ರಾಮರಿಗೆ ಶಾಲು ಹೊದಿಸಿ ಕೃತಜ್ಞತೆ ಹೇಳುವುದೆಂದು ಕಮಿಟಿಯಲ್ಲಿ ತೀರ್ಮಾನವಾಗಿತ್ತು. ಅದು ನಾಗವೇಣಿಯ ಆಲೋಚನೆ. ನೆರೂಳಿನಲ್ಲಿ ಅವಳ ಮನೆಯ ಹತ್ತಿರದ ಇಂಗ್ಲಿಷ್ ಚರ್ಚಿನಲ್ಲಿ ಪ್ರತಿ ಅಕ್ಟೋಬರಿಗೆ ಹೀಗೆ ಮಾಡುತ್ತಾರಂತೆ. “ಎಂಟು ವರ್ಷದಲ್ಲಿ ನಮ್ಮ ಪಾಸ್ಟರ್ರಿಗೆ ಒಂದು ಹೂವು ಕೊಟ್ಟದ್ದುಂಟಾ ನಾವು? ಪತ್ರ ನೀವೇ ಬರೀಬೇಕು ಸರ್ವೋತ್ತಮಣ್ಣ. ನಿಮ್ಮಷ್ಟು ಒಳ್ಳೆ ಕನ್ನಡ ಇಲ್ಲಿ ಯಾರಿಗುಂಟು ಮಾರಾಯ್ರೆ” ಎಂದು ಅವಳು ಎಲ್ಲರ ಎದುರಿಗೆ ಹೇಳಿದಾಗ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಹೊಗಳಿಕೆಗೆ ತಾನು ಇಷ್ಟು ಸುಲಭವಾಗಿ ಬಗ್ಗಿದೆನಲ್ಲ ಎಂದು ಆ ದಿನ ಲೋಕಲ್ ರೈಲಿನಲ್ಲಿ ನಿಂತೇ ಬರುವಾಗ ಮೈ ಪರಚಿಕೊಳ್ಳುವಂತಾಗಿತ್ತು. ಯಾಕೆಂದರೆ ಪತ್ರ ಬರೆಯುವ ಅದೇ ಮೇಜಿನ ಡ್ರಾಯರಿನಲ್ಲಿ ಇನ್ನೊಂದು ಕಾಗದವಿತ್ತು. ಅದು ಬಿಷಪ್ಪರ ಕಚೇರಿಗೆ ಬರೆದದ್ದು. ಅದರಲ್ಲಿ ಎಲ್ಲಿಯೂ ಒಂದು ಶಬ್ದ ಹೊಡೆದುಹಾಕಿರಲಿಲ್ಲ.

ಆ ಕಾಗದದಲ್ಲಿದ್ದುದು ಇಷ್ಟೇ: ಪಾಸ್ಟರ್ ಚಂದ್ರಾಮರು ಪ್ರತಿ ಗುರುವಾರ ಸರಕಾರಿ ಆಸ್ಪತ್ರೆಯ ರೋಗಿಗಳನ್ನು ನೋಡಲು ಹೋಗುತ್ತೇನೆಂದು ಕಮಿಟಿಗೆ ಹೇಳಿದ್ದಾರೆ, ಕಳೆದ ಹದಿನಾಲ್ಕು ತಿಂಗಳಿಂದ ಅವರು ಆಸ್ಪತ್ರೆಗೆ ಕಾಲಿಟ್ಟಿಲ್ಲ, ಆ ದಿನ ಅವರ ಫೋನು ಬಂದ್ ಆಗಿರುತ್ತದೆ, ಕಲ್ಯಾಣದಲ್ಲಿ ಲೋಕಲ್ ಹತ್ತಿ ಮುಂದಿನ ಸ್ಟೇಶನ್ನು ಶಹಾಡಿನ ಕಡೆಗೆ ಹೋಗುವುದನ್ನು ಎರಡು ಸಲ ಕಣ್ಣಾರೆ ಕಂಡಿದ್ದೇನೆ. ಆಸ್ಪತ್ರೆಯ ವಾರ್ಡಿನ ದಾದಿಯನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಸರ್ವೋತ್ತಮ ಇದನ್ನು ಬರೆದದ್ದು. ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ವಾಲ್ವ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ಅವನ ಕೆಲಸ ಇದೇ ಆಗಿತ್ತು. ಎದುರಿಗೆ ಬಂದ ಮಾಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಳೆದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಪೇಂಟಿನ ಗೆರೆ ಎಳೆದು ಪಕ್ಕಕ್ಕಿಡುವುದು. ಮಾಡಿದವನ ಮುಖ ನೋಡಬಾರದು. ಹಾಗೆ ಪಕ್ಕಕ್ಕಿಟ್ಟ ದಿನ ರಾತ್ರಿ ಊಟ ರುಚಿಸುತ್ತಿತ್ತು. ಇದನ್ನು ಒಮ್ಮೆ ಪುಷ್ಪಾವತಿಗೆ ಹೇಳಿದ್ದ. ಅವಳು ಏನೂ ಹೇಳದೆ ಅನ್ನ ಬಡಿಸಿದ್ದಳು. ಈಗ ಯೋಚಿಸಿದರೆ ಅವಳು ಏನೂ ಹೇಳದಿದ್ದ ಸಂದರ್ಭಗಳೇ ಹೆಚ್ಚು ನೆನಪಾಗುತ್ತವೆ.

ಆದರೆ ಚಂದ್ರಾಮನ ಹತ್ತಿರ ಅವಳು ಮಾತಾಡಿದ್ದಳು. ಸಭೆಯಲ್ಲಿ ಎಲ್ಲರಂತೆ ಅವರು, ಇವರು, ಪಾಸ್ಟರ್ರೇ ಎನ್ನುತ್ತಿದ್ದರೂ ಸರ್ವೋತ್ತಮನ ಮನಸ್ಸಿನೊಳಗೆ ಅವನು ಬರೀ ಚಂದ್ರಾಮ. ಕಲಬುರಗಿ ಕಡೆಯ ಯಾವುದೋ ತಾಂಡಾದ ಪಕ್ಕದ ಹಳ್ಳಿಯಿಂದ ಬಂದವನು, ‘ಶ’ಕ್ಕೂ ‘ಸ’ಕ್ಕೂ ವ್ಯತ್ಯಾಸ ಮಾಡದೆ ಶಾಸ್ತ್ರಪಾಠ ಓದುವವನು. ಸರ್ವೋತ್ತಮನ ಮುತ್ತಜ್ಜ ಉಡುಪಿಯಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ನಾಲ್ಕು ತಲೆಮಾರಿನ ಕ್ರೈಸ್ತರು ತಾವು. ಆಸ್ಪತ್ರೆಯ ಕೊನೆಯ ವಾರದಲ್ಲಿ ಪುಷ್ಪಾವತಿ ಗಂಡನ ಕಡೆ ತಿರುಗಿ “ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಪಾಸ್ಟರ್ರ ಹತ್ರ ಮಾತಾಡ್ಲಿಕ್ಕುಂಟು” ಎಂದಿದ್ದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತೊಂದರೆ. ವಾರ್ಡಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಅವನು ಇಪ್ಪತ್ತೆರಡು ನಿಮಿಷ ಕೂತಿದ್ದ. ಎದುರಿಗೆ ಒಬ್ಬ ಮುದುಕಿ ಮೊಸಂಬಿ ಸುಲಿದು ಸಿಪ್ಪೆಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಬಾಗಿಲಿನ ಗಾಜಿನಿಂದ ಚಂದ್ರಾಮನ ಬಗ್ಗಿದ ಬೆನ್ನು ಕಾಣುತ್ತಿತ್ತು, ಅವಳ ತುಟಿ ಕಾಣುತ್ತಿರಲಿಲ್ಲ. ಹೊರಗೆ ಬಂದವನ ಕಣ್ಣು ಕೆಂಪಾಗಿತ್ತು. “ಹೋಗ್ರಿ ಸರ, ಅಕ್ಕಾರು ಕರೀಲಿಕ್ಹತ್ಯಾರ” ಎಂದ, ಅಷ್ಟೆ. ಒಳಗೆ ಹೋದರೆ ಅವಳು ನೀರು ಕೇಳಿದಳು. ಐದು ದಿನಕ್ಕೆ ಹೋಗಿಬಿಟ್ಟಳು. ಅಂದಿನಿಂದ ಭಾನುವಾರದ ಉಪದೇಶದಲ್ಲಿ ಚಂದ್ರಾಮ ‘ಹೆಂಡತಿಯನ್ನು ಪ್ರೀತಿಸುವ ಗಂಡಂದಿರೇ’ ಎಂದರೂ ಸರಿ, ‘ಕುರುಡರಿಗೆ ಕಣ್ಣು’ ಎಂದರೂ ಸರಿ, ಮಾತಿನ ತುದಿ ಎರಡನೆಯ ಸಾಲಿನಲ್ಲಿ ಕೂತ ತನ್ನ ಕಡೆಗೇ ಬರುತ್ತದೆಂದು ಸರ್ವೋತ್ತಮನಿಗೆ ಅನಿಸುತ್ತಿತ್ತು. ಅವನಿಗೆ ಏನೋ ಗೊತ್ತಿದೆ. ಗೊತ್ತಿರುವವನು ಊರಲ್ಲಿರಬಾರದು. ಇಷ್ಟು ಸ್ಪಷ್ಟವಾಗಿ ಯೋಚಿಸಿದ ದಿನ ಮಾತ್ರ ಅವನು ಕನ್ನಡಿ ನೋಡದೆ ಗಡ್ಡ ಹೆರೆದುಕೊಂಡಿದ್ದ.

ಪತ್ರಕ್ಕೆ ಪಾಸ್ಟರರ ಹುಟ್ಟಿದ ದಿನ, ಊರು ಬೇಕಲ್ಲ, ಕೇಳಿಕೊಂಡು ಬರೋಣ ಎಂದು ತನಗೆ ತಾನೇ ಹೇಳಿಕೊಂಡು ಒಂಬತ್ತೂವರೆಗೆ ಹೊರಟ. ಎರಡೂ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡ. ಅವತ್ತು ಗುರುವಾರವೆಂದು ಗೊತ್ತಿದ್ದೇ ಹೊರಟದ್ದು. ಸ್ಟೇಶನ್ನಿನ ಮೆಟ್ಟಿಲ ಕೆಳಗೆ ನಿಂತು ಚಂದ್ರಾಮನಿಗೆ ಫೋನು ಮಾಡಿದ. ಅದು ಬಂದ್ ಆಗಿತ್ತು. ಮಗಳು ದಿಶಾಳ ಫೋನು ಬಂತು. “ಪಪ್ಪಾ, ಕಿಧರ್ ಹೋ? ನಾಶ್ತಾ ಕಿಯಾ?” ಎಂದು ತಿಂಡಿಯ ವಿಚಾರ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ಚರ್ಚಿನ ಕೆಲಸ ಉಂಟು” ಎಂದ. “ಫಿರ್ ಸೇ ಪಾಸ್ಟರ್?” ಎಂದು ಅವಳು ನಕ್ಕಳು. ಮತ್ತೆ ಪಾಸ್ಟರೇ ಎಂಬ ಆ ನಗುವಿನಲ್ಲಿ ಏನಾದರೂ ಇತ್ತೇ? ತಾಯಿ ಮಗಳಿಗೂ ಹೇಳಿದ್ದಾಳೆಯೇ? ಠಾಕುರ್ಲಿ ದಾಟುವ ತನಕ ಅದೇ ನಗುವನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದ.

ಕಲ್ಯಾಣದಲ್ಲಿ ಇಳಿದು ಪಾಸ್ಟರರ ಮನೆಯ ಕಡೆಗೆ ಹೋಗುವ ಬದಲು ಪ್ಲಾಟ್‌ಫಾರ್ಮಿನ ಕಂಬವೊಂದರ ಹಿಂದಿನ ಬೆಂಚಿನಲ್ಲಿ ಕೂತ. ಯಾರಾದರೂ ಕೇಳಿದರೆ ಕಾಲುನೋವು ಎನ್ನಬಹುದು. ಹತ್ತೂ ಮುಕ್ಕಾಲಿಗೆ ಚಂದ್ರಾಮ ಸೇತುವೆ ಇಳಿದು ಬಂದ. ಬಿಳಿ ಕಾಲರ್ ಇಲ್ಲ, ಗೆರೆಗೆರೆಯ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ನಡೆಯುವ ರೀತಿಯೇ ಬೇರೆ. ಯಾರಿಗೂ ನಮಸ್ಕಾರ ಹೇಳಬೇಕಿಲ್ಲದವನ ನಡಿಗೆ. ಸರ್ವೋತ್ತಮನ ಎದೆ ಬಡಿದುಕೊಂಡಿತು, ಅದು ಸಂತೋಷವೆಂದು ಅವನಿಗೆ ಗೊತ್ತಾಯಿತು. ಟಿಟವಾಳಾ ಲೋಕಲ್ ಬಂದಾಗ ಚಂದ್ರಾಮ ಹತ್ತಿದ ಡಬ್ಬಿಯ ಪಕ್ಕದ ಡಬ್ಬಿಗೆ ತಾನು ಹತ್ತಿದ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು “ಕಾಕಾ, ಬಸಾ ನಾ” ಎಂದು ಸೀಟು ತೋರಿಸಿದಳು. ಕೂತರೆ ಅವನು ಇಳಿಯುವುದು ಕಾಣುವುದಿಲ್ಲ. ಬೇಡವೆಂದು ಕೈಯಾಡಿಸಿದ.

ಇಪ್ಪತ್ತಮೂರು ವರ್ಷದ ಹಿಂದೆ ಹೀಗೇ ಪಕ್ಕದ ಡಬ್ಬಿ. ಆಗ ಪುಷ್ಪಾವತಿ ಪ್ರತಿ ಶನಿವಾರ ಮಧ್ಯಾಹ್ನ ಸ್ತ್ರೀಯರ ಪ್ರಾರ್ಥನೆಗೆಂದು ಹೋಗಿ ಬರುವಾಗ ಒಂದು ಗಂಟೆ ತಡವಾಗುತ್ತಿತ್ತು. ಮೂರು ಮನೆಗಳಿಗೆ ಫೋನು ಮಾಡಿ ವಿಚಾರಿಸಿದ್ದ. ಪ್ರಾರ್ಥನೆ ನಾಲ್ಕಕ್ಕೇ ಮುಗಿದಿತ್ತು. ಮುಂದಿನ ಶನಿವಾರ ಅರ್ಧ ದಿನ ರಜೆ ಹಾಕಿ ಹಿಂಬಾಲಿಸಿದ. ಠಾಕುರ್ಲಿಯಲ್ಲಿ ಇಳಿದು ಅವಳು ಹಳಿಯ ಪಕ್ಕದ ರಸ್ತೆ ಹಿಡಿದಳು. ಅವಳೂ ಆಗ ಹೀಗೇ ನಡೆಯುತ್ತಿದ್ದಳು, ಹಗುರಾಗಿ, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ. ಸೊಪ್ಪಿನವಳ ಹತ್ತಿರ ನಿಂತು, ಯಾಕೋ ಹಿಂದೆ ತಿರುಗಿ, ಅವನನ್ನು ಕಂಡಳು. ಅವನು ಪಾನ್ ಅಂಗಡಿಯ ಬೋರ್ಡು ಓದುವಂತೆ ನಿಂತ. ಅವಳು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡು, ಬಂದ ದಾರಿಯಲ್ಲೇ ತಿರುಗಿ, ಅವನ ಪಕ್ಕದಿಂದಲೇ ಹಾದು ಸ್ಟೇಶನ್ನಿಗೆ ಹೋದಳು. ಮನೆಯಲ್ಲಿ ಚಹಾ ಕೊಟ್ಟಳು. ಆ ಮೇಲೆ ಎಂದೂ ತಡವಾಗಿ ಬರಲಿಲ್ಲ. ಅವಳು ಎಲ್ಲಿಗೆ ಹೋಗುತ್ತಿದ್ದಳೆಂದು ಅವನು ಕೇಳಲಿಲ್ಲ. ಕೇಳಿದರೆ ಹಿಂಬಾಲಿಸಿದ್ದನ್ನು ಒಪ್ಪಬೇಕಾಗುತ್ತಿತ್ತು. ಒಂದೇ ಹಾಸಿಗೆಯಲ್ಲಿ ಇಪ್ಪತ್ತೊಂದು ವರ್ಷ ಆ ಕೊತ್ತಂಬರಿ ಸೊಪ್ಪು ನಡುವೆ ಇತ್ತು. ಆಸ್ಪತ್ರೆಯ ಆ ಇಪ್ಪತ್ತೆರಡು ನಿಮಿಷದಲ್ಲಿ ಅವಳು ಹೇಳಿದ್ದು ಇದನ್ನೇ ಎಂದು ಅವನಿಗೆ ನೂರಕ್ಕೆ ತೊಂಬತ್ತರಷ್ಟು ಖಾತ್ರಿ. ಉಳಿದ ಹತ್ತು, ತನಗೂ ಗೊತ್ತಿಲ್ಲದ್ದು ಏನಾದರೂ ಇದ್ದರೆ ಎಂಬ ಭಯ.

ಶಹಾಡಿನಲ್ಲಿ ಇಳಿದು ಕಾರ್ಖಾನೆಯ ಉದ್ದನೆಯ ಗೋಡೆಯ ಬದಿಯಲ್ಲಿ ಚಂದ್ರಾಮ ಮುಂದೆ, ಸರ್ವೋತ್ತಮ ನೂರು ಹೆಜ್ಜೆ ಹಿಂದೆ. ಗಾಳಿಯಲ್ಲಿ ಕೊಳೆತ ಮೊಟ್ಟೆಯಂಥ ಔಷಧಿಯ ವಾಸನೆ. ಗೋಡೆ ಮುಗಿದಲ್ಲಿ ತಗಡಿನ ಮನೆಗಳ ಸಾಲು, ಬಾಗಿಲು ಬಾಗಿಲಿಗೂ ನೀಲಿ ಡ್ರಮ್ಮು. ಅಲ್ಲಿ ಎರಡು ಗಲ್ಲಿ ಒಡೆಯುತ್ತದೆ, ಚಂದ್ರಾಮ ಮಾಯವಾದ. ಸರ್ವೋತ್ತಮ ಮುಕ್ಕಾಲು ಗಂಟೆಯಷ್ಟು ಹೊತ್ತು ಒಂದು ಗಲ್ಲಿಗೆ ಹೋಗಿ, ಹಿಂದೆ ಬಂದು, ಇನ್ನೊಂದಕ್ಕೆ ಹೊಕ್ಕು ಅಲೆದು, ಸೋಪಿನ ನೀರಿನಲ್ಲಿ ಕಾಲು ಜಾರಿ ಗೋಡೆ ಹಿಡಿದುಕೊಂಡ. ಕಿರಾಣಿ ಅಂಗಡಿಯವನು “ಕಾಕಾ, ಕೋಣಾಲಾ ಶೋಧ್ತಾಯ್?” ಎಂದು ಕೇಳಿದ. ಯಾರನ್ನು ಹುಡುಕುತ್ತಿದ್ದೇನೆ? ಪಾಸ್ಟರನ್ನು ಎಂದರೆ ಊರೆಲ್ಲ ಸುದ್ದಿ. ಬಾಯಿಗೆ ಬಂದ ಹೆಸರು ಹೇಳೋಣವೆಂದರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ. ಅಂಗಡಿಯವನ ಕಣ್ಣು ಫೈಲಿನ ಮೇಲೆ ಹೋಯಿತು. ಮುನ್ಸಿಪಾಲಿಟಿಯಿಂದ ಮನೆ ಕೆಡವಲು ಬಂದವನೆಂದುಕೊಂಡನೋ ಏನೋ, ಮುಖ ಬಿಗಿಯಾಯಿತು. ಇನ್ನಿಬ್ಬರು ಬಂದು ನಿಂತರು. “ಎಂತ ಇಲ್ಲ, ಸುಮ್ಮನೆ” ಎಂದು ಸರ್ವೋತ್ತಮ ಕನ್ನಡದಲ್ಲೇ ತೊದಲಿದ. ಆಗ ಎದುರಿನ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಐವತ್ತರ ಮೇಲಿನ ವಯಸ್ಸು, ಹಣೆಯಲ್ಲಿ ಅಗಲ ಕುಂಕುಮ, ಮೊಣಕೈ ತನಕ ಬೂದಿ.

“ಕನ್ನಡದವರೇನ್ರಿ? ಸಭೇದವರಾ?” ಎಂದಳು. ಅವನು ಫೈಲನ್ನು ಎದೆಗೆ ಒತ್ತಿಕೊಂಡ. “ಗೊತ್ತಾತ್ ಬಿಡ್ರಿ. ಎಂದಾರ ಒಂದಿನ ಯಾರರೆ ಬರ್ತಾರಂತ ನನಗ ಗೊತ್ತಿತ್ತು. ಒಳಗ ಬರ್ರಿ. ಮಾತ್ ಸಣ್ಣಗ ಆಡ್ರಿ. ಮಲಗ್ಯಾನ.”

ಒಂದೇ ಕೋಣೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ, ಆಮೇಲೆ ಒಂದೊಂದಾಗಿ ಎಲ್ಲ ಕಂಡಿತು. ಗೂಟಕ್ಕೆ ಗೆರೆಗೆರೆಯ ಅಂಗಿ. ಹಗ್ಗದ ಮೇಲೆ ಹೆಂಗಸಿನ ಸೀರೆ. ಮೂಲೆಯ ಹಲಗೆಯ ಮೇಲೆ ದೇವಿಯ ಪಟ, ಬೇವಿನ ಎಲೆ, ಅರಿಸಿನ ಬಳಿದ ತಂಬಿಗೆ. ಕೆಳಗೆ ಕೌದಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಪಾಸ್ಟರ್ ಚಂದ್ರಾಮ ಬನಿಯನ್ನಿನಲ್ಲಿ ನಿದ್ದೆಹೋಗಿದ್ದ. ಪಕ್ಕದಲ್ಲಿ ಉಂಡ ತಾಟು, ರೊಟ್ಟಿಯ ಚೂರು. ಸರ್ವೋತ್ತಮನ ಕಣ್ಣು ಹಳೆಯ ಅಭ್ಯಾಸದಿಂದ ಬೇಕಾದ್ದನ್ನೆಲ್ಲ ಆರಿಸಿಕೊಂಡಿತು: ಅಂಗಿ, ಸೀರೆ, ವಿಗ್ರಹಾರಾಧನೆ, ಕುಂಕುಮದ ಹೆಂಗಸು. ಕಾಗದಕ್ಕೆ ಇನ್ನೊಂದು ಪುಟ ಸೇರಿಸಬಹುದು. ಅವಳು ಗೋಣಿಚೀಲ ಮಡಚಿ ಹಾಕಿ “ಕುಂದರ್ರಿ” ಎಂದಳು.

“ನೀವು ಯಾರು?”

“ಅವನ ಅಕ್ಕ ಅದೀನ್ರಿ. ಒಡಹುಟ್ಟಿದಕಿ. ಮರಗಮ್ಮ ಅಂತಾರ. ನಮ್ಮ ಮನ್ಯಾವ್ರು ಯಂಕಪ್ಪ, ಗೋದಾಮಿನ್ಯಾಗ ಹಮಾಲಿ ಮಾಡ್ತಾರ.” ಸ್ಟೋವಿನ ಮೇಲೆ ಚಹಾಕ್ಕೆ ನೀರಿಟ್ಟಳು. “ಗುರುವಾರಕ್ಕೊಮ್ಮಿ ಬರ್ತಾನ. ಉಣ್ತಾನ, ಮಲಗ್ತಾನ. ಎರಡಕ್ಕ ಎಬ್ಬಸ್ತೀನಿ. ಹೋಗ್ತಾನ. ಅಷ್ಟರಿ.”

“ನಿದ್ದೆ ಮಾಡ್ಲಿಕ್ಕೆ ಇಷ್ಟು ದೂರ ಯಾಕೆ? ಕಲ್ಯಾಣದಲ್ಲಿ ಮನೆ ಉಂಟಲ್ಲ.”

“ಅಲ್ಲಿ ಬಾಗಿಲಾ ಬಡೀತೀರಲ್ರಿ ನೀವು” ಎಂದಳು ಅವಳು, ಬೈಗುಳದಂತಲ್ಲ, ಮಳೆ ಬರುತ್ತದೆ ಎಂಬಂತೆ.

ಸರ್ವೋತ್ತಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪುಷ್ಪಾವತಿ ಹೋದ ಮೇಲೆ ಎಷ್ಟೋ ಸಲ ಬೆಳಗಿನ ಐದೂವರೆಗೆ ಚಂದ್ರಾಮನಿಗೆ ಫೋನು ಮಾಡಿದ್ದ. ಭಾನುವಾರದ ಕೀರ್ತನೆಯ ನಂಬರು ಯಾವುದೆಂದು ಕೇಳುವ ನೆಪ. ನಿಜವಾಗಿ ಅವನ ಧ್ವನಿಯಲ್ಲಿ ಏನಾದರೂ ಬದಲಾಗಿದೆಯೇ, ತನ್ನ ಹೆಸರು ಕೇಳಿದೊಡನೆ ಒಂದು ಕ್ಷಣ ತಡೆಯುತ್ತಾನೆಯೇ ಎಂದು ನೋಡುವುದು. ಚಂದ್ರಾಮ ಯಾವಾಗಲೂ ಎರಡನೆಯ ರಿಂಗಿಗೆ ಮುಂಚೆಯೇ ಎತ್ತುತ್ತಿದ್ದ. ಉಳಿದವರೂ ಹಾಗೇ ಮಾಡುತ್ತಾರೆ. ಕಟ್ಟಡದ ಕೆಲಸದವರಲ್ಲಿ ಯಾರನ್ನೋ ಪೊಲೀಸು ಹಿಡಿದರೆ, ಮಗುವಿನ ಶಾಲೆಯ ಫಾರ್ಮಿಗೆ, ಗಂಡ ಕುಡಿದು ಬಂದರೆ. ನಿಂತಲ್ಲೇ ಕೈ ಚಾಚಿದರೆ ಸಿಗಬೇಕಾದ ವಸ್ತು ಅವನು. ಆದರೆ ಒಬ್ಬ ಮನುಷ್ಯ ಹಗಲು ಹನ್ನೆರಡಕ್ಕೆ ಹೀಗೆ ಸತ್ತವನಂತೆ ಮಲಗಲು ಸಾಧ್ಯವೇ? ತಾನು ಬಂದದ್ದು ಗೊತ್ತಾಗಿ ನಾಟಕ ಮಾಡುತ್ತಿರಬಹುದು. ಸರ್ವೋತ್ತಮ ಕುತ್ತಿಗೆ ಚಾಚಿ ಅವನ ಬೆನ್ನನ್ನು ನೋಡಿದ. ಉಸಿರನ್ನು ಎಣಿಸಿದ. ನಾಟಕದ ಉಸಿರು ಸಮವಾಗಿರುತ್ತದೆ. ಇದು ನಡುವೆ ನಿಂತು, ಗೊರಕೆಯಾಗಿ ಒಡೆದು, ಮತ್ತೆ ಎಲ್ಲಿಂದಲೋ ಹತ್ತಿ ಬರುತ್ತಿತ್ತು. ಬಾಯಿಯ ಬದಿಯಿಂದ ಜೊಲ್ಲು ಇಳಿದು ಕೌದಿ ಒದ್ದೆಯಾಗಿತ್ತು. ಹಿಮ್ಮಡಿ ಎರಡು ಕಡೆ ಒಡೆದಿತ್ತು. ಎಂಟು ವರ್ಷದಲ್ಲಿ ಈ ಮನುಷ್ಯನ ಪಾದವನ್ನು ತಾನು ನೋಡಿಯೇ ಇರಲಿಲ್ಲ.

“ನೀವು ಸಭೆಗೆ ಬರುವುದಿಲ್ಲವಾ?” ಎಂದು ಕೇಳಿದ. ಕೇಳುವಾಗಲೇ ಅದು ವಿಚಾರಣೆಯ ಪ್ರಶ್ನೆಯೆಂದು ಅವನಿಗೇ ಕೇಳಿಸಿತು.

“ನಾ ಎಲ್ಲಿ ಬರ್ಲಿರಿ. ನಮ್ಮವ್ವನ ಕಾಲದಿಂದ ಈಕಿನ್ನ ನಡಸ್ಕೊಂಡ ಬಂದೀನಿ” ಎಂದು ಹಲಗೆಯ ಕಡೆ ಗದ್ದ ತೋರಿಸಿದಳು. “ಅವಾ ಹತ್ತೊಂಬತ್ತು ವರ್ಷಕ್ಕ ಯೇಸಪ್ಪನ ಕಡಿ ಹೋದ. ಅವ್ವ ಸಾಯೂತನಕ ಮಾತಾಡಲಿಲ್ಲ. ಇಲ್ಲಿ ಬಂದ ಮ್ಯಾಲ ಬರೂದು ಶುರು ಮಾಡ್ಯಾನ. ಒಮ್ಮೆನೂ ನನಗ ಚರ್ಚಿಗಿ ಬಾ ಅಂದಿಲ್ಲ. ನಾನೂ ಅವಗ ಕುಂಕುಮ ಹಚ್ಚಂಗಿಲ್ಲ. ಹಸದು ಬರ್ತಾನ, ಉಣಸ್ತೀನಿ.” ಜೋಳದ ಮೊರ ಎಳೆದುಕೊಂಡು, “ನಿಮ್ಮ ಮಂದಿಗಿ ಗೊತ್ತಾದ್ರ, ಸ್ವಂತ ಅಕ್ಕನ್ನ ತರಾಕಾಗದವ ನಮಗೇನ್ ಹೇಳ್ತಾನ ಅಂತಾರಂತ. ಹೌದೇನ್ರಿ?” ಎಂದಳು.

ಹೌದು. ಮೊದಲು ಹಾಗನ್ನುವವನು ತಾನೇ. ಅವನು ಚಹಾ ಕುಡಿದ.

ಎರಡು ಗಂಟೆ ಅಲ್ಲೇ ಕೂತ. ಎದ್ದುಹೋಗಬಹುದಿತ್ತು, ಬೇಕಾದ ಪುರಾವೆ ಸಿಕ್ಕಿತ್ತು. ಮರಗಮ್ಮ ಪಾತ್ರೆ ಒಳಗೆ ತಂದಳು, ಜೋಳ ಹಸನು ಮಾಡಿದಳು, ಒಮ್ಮೆ ಹೊರಗೆ ಹೋಗಿ ಯಾರದೋ ಜೋರು ಮಾತನ್ನು ನಿಲ್ಲಿಸಿ ಬಂದಳು. ತಗಡಿನ ಕೆಳಗೆ ಸೆಕೆ ಏರುತ್ತ ಹೋಯಿತು. ಪುಷ್ಪಾವತಿ ಠಾಕುರ್ಲಿಯಲ್ಲಿ ಇಂಥದೊಂದು ಕೋಣೆಗೇ ಹೋಗುತ್ತಿದ್ದಳೇ? ಯಾರೂ ಏನೂ ಕೇಳದ ಒಂದು ಗಂಟೆಗೆ? ಅಲ್ಲಿ ಯಾರೋ ಇದ್ದರೆ, ಅವಳು ಬರುವುದನ್ನು ನಿಲ್ಲಿಸಿದ ಮೇಲೆ ಎಷ್ಟು ಶನಿವಾರ ದಾರಿ ನೋಡಿರಬಹುದು. ಅಥವಾ ಬೇರೆ ಏನೋ. ಒಳ್ಳೆಯ ಕಾರಣವನ್ನು ತಾನೇ ಹೊಲಿದು ಅವಳಿಗೆ ತೊಡಿಸಿ ಹಗುರಾಗುವುದೂ ಒಂದು ಮೋಸವೆಂದು ಹೊಳೆದು ಆ ಯೋಚನೆಯನ್ನೂ ಅಲ್ಲಿಗೇ ಬಿಟ್ಟ.

ಎರಡಕ್ಕೆ ಮರಗಮ್ಮ ತಮ್ಮನ ಭುಜ ಅಲುಗಿಸಿದಳು. “ಏಳಪ್ಪಾ. ನಿಮ್ಮವರು ಬಂದಾರ.” ಚಂದ್ರಾಮ ತಿರುಗಿ ನೋಡಿದ. ಮೊದಲು ಗುರುತು ಹತ್ತಲಿಲ್ಲ. ಹತ್ತಿದೊಡನೆ ಮುಖದ ಮೇಲೆ ಬಂದದ್ದು ಹೆದರಿಕೆ. ವಾಗ್ಳೆ ಎಸ್ಟೇಟಿನಲ್ಲಿ ಲೇತ್ ನಡೆಸುವವರ ಮುಖದ ಮೇಲೆ ಅದನ್ನು ಸರ್ವೋತ್ತಮ ಎಷ್ಟೋ ಸಲ ನೋಡಿದ್ದ. ಆಗೆಲ್ಲ ಒಳಗೊಳಗೆ ಸುಖವಾಗುತ್ತಿತ್ತು. ಈಗ ಆಗಲಿಲ್ಲ. ಚಂದ್ರಾಮ ಎದ್ದು ಅಂಗಿ ತೊಟ್ಟು ಗುಂಡಿ ಹಾಕಿಕೊಂಡ, ಒಂದು ಗುಂಡಿ ಮೇಲೆ ಕೆಳಗಾಯಿತು.

“ಸರ. ಯಾವಾಗ ಬಂದ್ರಿ?”

ಸರ್ವೋತ್ತಮ ಫೈಲಿನಿಂದ ಬಿಷಪ್ಪರ ಕಾಗದ ತೆಗೆದು ಕೊಟ್ಟ. ಯಾಕೆ ಕೊಟ್ಟೆನೆಂದು ಆಮೇಲೂ ಅವನಿಗೆ ತಿಳಿಯಲಿಲ್ಲ. ಚಂದ್ರಾಮ ಬಾಗಿಲ ಬೆಳಕಿಗೆ ಹೋಗಿ ನಿಧಾನವಾಗಿ, ಶಾಸ್ತ್ರಪಾಠ ಓದುವಂತೆ ತುಟಿ ಅಲ್ಲಾಡಿಸುತ್ತ ಓದಿದ. ಮಡಚಿದ.

“ಇದರಾಗ ಸುಳ್ಳಿಲ್ರಿ. ಹದಿನಾಲ್ಕು ತಿಂಗಳಂತ ಬರದೀರಿ. ಹದಿನಾರಾತು” ಎಂದ. “ಮೊದಲ ಖರೇನ ಆಸ್ಪತ್ರಿಗಿ ಹೋಗ್ತಿದ್ದೆ. ಒಂದ ದಿನ ಗೇಟಿನ ಮಟ ಹೋದೆ, ಒಳಗ ಕಾಲ ಬರಲಿಲ್ಲ. ಅಲ್ಲೇ ನಿಂತೆ. ರಿಕ್ಷಾದವ ಎಲ್ಲಿಗಿ ಅಂದ. ಶಹಾಡ ಅಂದೆ. ಬಂದು ಮಲಗಿದೆ. ಮುಂದಿನ ವಾರಾನೂ ಹಂಗ ಆತು. ಹೇಳಬೇಕಿತ್ತು ನಿಮಗ. ಹೇಳಾಕ ಆಗಲಿಲ್ಲ. ಪಾಸ್ಟರ್ ದಣದಾನಂದ್ರ ಪ್ರಾರ್ಥನಾ ಕಡಿಮಿ ಆಗೇತಂತಾರ ಮಂದಿ.”

ಆ ಮಾತು ಸರ್ವೋತ್ತಮನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಎರಡು ವರ್ಷದಿಂದ ಗಂಟಲಲ್ಲಿ ಕೂತಿದ್ದುದು ತಾನಾಗಿಯೇ ಹೊರಗೆ ಬಂತು. “ಪುಷ್ಪಾ ಎಂತ ಹೇಳಿದ್ಲು ನಿಮಗೆ?”

ಚಂದ್ರಾಮ ಅವನ ಮುಖ ನೋಡಿದ. ಮರಗಮ್ಮ ಮೊರವನ್ನು ಹಿಡಿದುಕೊಂಡು ಹೊರಗೆ ಹೋಗಿ ಕೂತಳು.

“ಅಕ್ಕಾರು ಮಾತಾಡಿದ್ರು. ನಾ ಕೇಳಿದೆ.”

“ನನ್ನ ವಿಷಯವಾ?”

“ನಿಮ್ಮ ವಿಷಯಾನೂ ಇತ್ತು.”

“ಎಂತ?”

“ಹೇಳಂಗಿಲ್ರಿ ಸರ.”

“ನಾನು ಅವಳ ಗಂಡ.”

“ಹೌದ್ರಿ” ಎಂದ ಚಂದ್ರಾಮ. “ಅದಕ್ಕ ನಿಮ್ಮನ್ನ ಹೊರಗ ಕಳಿಸಿದ್ರು.”

ತಗಡಿನ ಮೇಲೆ ಕಾಗೆಯೊಂದು ಕುಣಿಯುವ ಸದ್ದು. ಸರ್ವೋತ್ತಮ ಕಾಗದದ ಕಡೆ ಬೆರಳು ತೋರಿಸಿದ. “ಈ ಕಾಗದ ನಾಳೆ ಪೋಸ್ಟಿಗೆ ಹಾಕಿದ್ರೆ ನಿಮ್ಮ ಕೆಲಸ ಹೋಗ್ತದೆ. ಇಲ್ಲಿ ಕಂಡದ್ದನ್ನೂ ಬರೀಬಹುದು ನಾನು. ಗೊತ್ತುಂಟಲ್ಲ?”

“ಗೊತ್ತೈತ್ರಿ.”

“ಒಂದೇ ಮಾತು ಹೇಳಿ. ಒಳ್ಳೇದಾ, ಕೆಟ್ಟದ್ದಾ? ಅಷ್ಟು ಸಾಕು.”

ಇಷ್ಟು ಕೆಳಗೆ ತಾನು ಎಂದೂ ಇಳಿದಿರಲಿಲ್ಲ ಎಂದು ಹೇಳಿದ ಮೇಲೆ ತಿಳಿಯಿತು. ಚಂದ್ರಾಮನಿಗೆ ಈಗ ಒಂದು ಮಾತು ಸಾಕು. ‘ನಿಮ್ಮನ್ನ ಭಾಳ ನೆನಸಿದ್ರು’ ಎಂದುಬಿಟ್ಟರೆ ಕಾಗದ ಹರಿದುಹೋಗುತ್ತದೆ, ಗುರುವಾರ ಉಳಿಯುತ್ತದೆ, ಎರಡನೆಯ ಸಾಲಿನ ಮುದುಕ ಅತ್ತು ಕೈ ಹಿಡಿಯುತ್ತಾನೆ. ಅದು ಅವನಿಗೂ ಗೊತ್ತು. ಕಣ್ಣಿನಲ್ಲಿ ಅದು ಬಂದು ಹೋದದ್ದನ್ನು ಸರ್ವೋತ್ತಮ ನೋಡಿದ. ಅವನು ಕಾದ. ಬಿರುಕಿಗಾಗಿ ಕಾದ. ಚಂದ್ರಾಮ ಕಾಗದವನ್ನು ಎರಡೂ ಕೈಯಿಂದ ಅವನಿಗೆ ಹಿಂತಿರುಗಿಸಿ, “ಆಗಂಗಿಲ್ರಿ. ತಪ್ಪ ತಿಳೀಬ್ಯಾಡ್ರಿ” ಎಂದ.

ಇಬ್ಬರೂ ಸ್ಟೇಶನ್ನಿನ ತನಕ ಕಾರ್ಖಾನೆಯ ಗೋಡೆಯ ಬದಿಯಲ್ಲಿ ನಡೆದು ಬಂದರು. ಚಂದ್ರಾಮ ಫೋನು ಚಾಲೂ ಮಾಡಿದ. ಅದು ಕೈಯಲ್ಲೇ ಹುಳದಂತೆ ನಡುಗುತ್ತ ಹೋಯಿತು. “ನಿಮ್ದೂ ಐತಲ್ರಿ ಮುಂಜಾನಿ. ಏನ್ ಬೇಕಾಗಿತ್ತು?” ಎಂದ. “ಹುಟ್ಟಿದ ತಾರೀಖು. ಸನ್ಮಾನ ಪತ್ರಕ್ಕೆ” ಎಂದ ಸರ್ವೋತ್ತಮ. ಆ ಹೊತ್ತಿನಲ್ಲಿ ಅದು ಎಷ್ಟು ಅಸಂಬದ್ಧವೆಂದು ಇಬ್ಬರಿಗೂ ಅನಿಸಿತು. “ಯಾರಿಗಿ ಗೊತ್ರಿ. ಸಾಲ್ಯಾಗ ಜೂನ್ ಒಂದಂತ ಬರಸ್ಯಾರ” ಎಂದು ಚಂದ್ರಾಮ ಸಣ್ಣಗೆ ನಕ್ಕ. ಅಷ್ಟರಲ್ಲಿ ಮತ್ತೆ ಫೋನು ಬಂತು. ಕಿವಿಗಿಟ್ಟು “ದೇವರಿಗೆ ಸ್ತೋತ್ರ, ಹೇಳ್ರಿ ತಂಗಿ” ಎಂದ. ಧ್ವನಿ ಬದಲಾಗಿತ್ತು. ಭಾನುವಾರ ಕೇಳುವ ಧ್ವನಿ, ತುಂಬಿದ, ನಿಧಾನದ ಧ್ವನಿ. ಭುಜ ಮೇಲಕ್ಕೆದ್ದಿತು. ಒಂದೇ ಹೆಜ್ಜೆಯ ಅಂತರದಲ್ಲಿ ಅದು ಆದದ್ದನ್ನು ಸರ್ವೋತ್ತಮ ನೋಡಿದ. ಭಾರ ಹೊರುವವನು ಚೀಲ ತಲೆಗೆ ಬರುವ ಮೊದಲು ಕುತ್ತಿಗೆಯನ್ನು ಹೀಗೇ ಸರಿಮಾಡಿಕೊಳ್ಳುತ್ತಾನೆ.

ಮನೆಗೆ ಬಂದು ಬಿಷಪ್ಪರ ಕಾಗದವನ್ನು ಹರಿಯಲಿಲ್ಲ. ಹರಿಯುವಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ಅವನಿಗೆ ಗೊತ್ತಿತ್ತು. ಕಳಿಸಲೂ ಇಲ್ಲ. ‘ಹದಿನಾಲ್ಕ’ನ್ನು ‘ಹದಿನಾರು’ ಎಂದು ತಿದ್ದಿ ಕಪಾಟಿನ ಒಳಗಿಟ್ಟ. ಶುಕ್ರವಾರ, ಶನಿವಾರ ಎರಡು ದಿನ, ಆ ಮನುಷ್ಯ ಹೇಳದೆ ಉಳಿದದ್ದು ಜಂಬದಿಂದಲೇ, ತನ್ನನ್ನು ಜೀವಮಾನವಿಡೀ ಕೊಕ್ಕೆಯಲ್ಲಿ ಇಟ್ಟುಕೊಳ್ಳಲಿಕ್ಕೇ ಎಂದು ಅನುಮಾನಿಸಿ ನೋಡಿದ. ಅನುಮಾನ ಹತ್ತುತ್ತಿತ್ತು, ನಿಲ್ಲುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ನಾಗವೇಣಿ ನೆರೂಳಿನಿಂದ ತಂದ ಕೇಕು ಮೇಜಿನ ಮೇಲೆ ಬಂತು. ಪಾಸ್ಟರರನ್ನು, ಅವರ ಹೆಂಡತಿ ಮಾಲಾಳನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಇಬ್ಬರೂ ಫೋಟೋಗೆ ಕೂತವರಂತೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದರು. ಸರ್ವೋತ್ತಮ ಸನ್ಮಾನ ಪತ್ರ ಓದಿದ. ಮೂರನೆಯ ವಾಕ್ಯವನ್ನು ಬಿಟ್ಟು ಓದಿದ, ಯಾರಿಗೂ ಗೊತ್ತಾಗಲಿಲ್ಲ. ಚಪ್ಪಾಳೆ ಬಿತ್ತು. ಕೂತುಕೊಳ್ಳಬೇಕಿತ್ತು. ಕೂರದೆ, ಕಾಗದ ಮಡಚುತ್ತ, “ಇನ್ನೊಂದು ವಿಷಯ” ಎಂದ. “ಗುರುವಾರ ಪಾಸ್ಟರ್ರಿಗೆ ರಜೆ. ಯಾರೂ ಫೋನ್ ಮಾಡ್ಬಾರ್ದು, ಮನೆಗೆ ಹೋಗ್ಬಾರ್ದು. ಅಷ್ಟು ಅರ್ಜೆಂಟಿದ್ರೆ ನನಗೆ ಫೋನ್ ಮಾಡಿ. ನಾನು ಬರ್ತೇನೆ. ಪೊಲೀಸು, ಆಸ್ಪತ್ರೆ, ಎಂತದ್ದಾದರೂ.” ನಾಗವೇಣಿ ಬೆರಗಾಗಿ ನೋಡಿದಳು. ಕಮಿಟಿಯಲ್ಲಿ ಈ ಮಾತು ಬಂದಿರಲಿಲ್ಲ.

ಹಿಂದಿನ ಸಾಲಿನಿಂದ ಅಂಬಾದಾಸ ಎದ್ದ. ಕಟ್ಟಡದ ಕೆಲಸದವರ ಹಿರಿಯ, ಕಡಿಮೆ ಮಾತಿನವನು. “ತಪ್ಪ ತಿಳೀಬ್ಯಾಡ್ರಿ ಸರ. ಗುರುವಾರ ದವಾಖಾನಿಗಿ ಹೋಗ್ತಾರಂತ ಕೇಳಿದ್ದೆ ನಾ. ನನ್ನ ಅಳಿಯಾ ಅಲ್ಲಿ ಹದಿನೈದು ದಿನ ಇದ್ದ, ಒಂದ ಗುರುವಾರನೂ ಬರಲಿಲ್ಲ. ಮತ್ತ ಎಲ್ಲಿಗಿ ಹೋಗ್ತಾರ್ರಿ ಇವರು?”

ಚಂದ್ರಾಮ ಕುರ್ಚಿಯಿಂದ ಅರ್ಧ ಎದ್ದ. ಹೇಳಿಬಿಡುತ್ತಾನೆಂದು ಸರ್ವೋತ್ತಮನಿಗೆ ಗೊತ್ತಾಯಿತು. ಅವನು ಕೈ ಅಡ್ಡ ಹಿಡಿದ.

“ಎಲ್ಲಿಗಂತ ನನಗೆ ಗೊತ್ತುಂಟು” ಎಂದ.

“ಹೇಳ್ರಲಾ ಮತ್ತ.”

“ಹೇಳುವುದಿಲ್ಲ.”

“ಯಾಕ್ರಿ?”

“ಹೇಳುವುದಿಲ್ಲ ಅಂಬಾದಾಸ. ತಪ್ಪು ತಿಳಿಯಬೇಡ.”

ಅಂಬಾದಾಸ ಕೂರಲಿಲ್ಲ. ಅವನ ಕಣ್ಣು ಪಾಸ್ಟರರನ್ನು ಬಿಟ್ಟು ಸರ್ವೋತ್ತಮನ ಮೇಲೆ ಬಂದು ನಿಂತಿತು. ಒಂದೊಂದಾಗಿ ಸಾಲುಸಾಲಿನ ಕಣ್ಣುಗಳೂ ಹಾಗೇ ತಿರುಗಿದವು. ನಾಗವೇಣಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು, ಆ ಪಕ್ಕದವಳು ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಇವರಿಬ್ಬರ ನಡುವೆ ಏನಿದೆ, ಯಾಕೆ ಮುಚ್ಚಿಡುತ್ತಿದ್ದಾನೆ, ಇವನಿಗೇನು ಲಾಭ. ಅವರ ತಲೆಯಲ್ಲಿ ಏನು ನಡೆಯುತ್ತಿದೆಯೆಂದು ಶಬ್ದ ಶಬ್ದವಾಗಿ ಅವನಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತದೆ. ಅವನು ತುಟಿ ಮುಚ್ಚಿಕೊಂಡು, ಮೇಜಿನ ಅಂಚು ಹಿಡಿದು, ಅವರು ನೋಡಿ ಮುಗಿಸಲೆಂದು ಅಲ್ಲೇ ನಿಂತ.